ನಿದ್ದೆ ಕಳೆದುಕೊಂಡ ಬಿರುಗಾಳಿ

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಮುಂಚೆ, ಮೂಡಣ ಮಹಾಸಾಗರದ ನಟ್ಟನಡುವೆ ಹವಳದಿಬ್ಬ ಎಂಬ ರಾಜ್ಯವಿತ್ತು. ಏಳು ನಡುಗಡ್ಡೆಗಳ ರಾಜ್ಯ. ಅಲ್ಲಿ ನೆಲ ಕಡಿಮೆ, ನೀರು ಹೆಚ್ಚು. ಜನ ಮೀನು ಹಿಡಿಯುತ್ತಿದ್ದರು, ಕೆಸುವಿನ ಗೆಡ್ಡೆ ಬೆಳೆಯುತ್ತಿದ್ದರು, ತೆಂಗಿನ ಗರಿಯ ಸೂರಿನ ಕೆಳಗೆ ಬಾಳುತ್ತಿದ್ದರು. ಮುಕ್ತಾಂಬೆ ಎಂಬ ವಯಸ್ಸಾದ ರಾಣಿ ಅವರನ್ನು ಆಳುತ್ತಿದ್ದಳು.

ಆ ರಾಜ್ಯದಲ್ಲಿ ಸುರಗಿ ಎಂಬ ಹುಡುಗಿ ಇದ್ದಳು. ಹಾಯಿ ಹೆಣೆಯುವುದು ಅವಳ ಕಸುಬು. ಕೇದಗೆಯ ಎಲೆ ಕೊಯ್ದು, ಮುಳ್ಳು ತೆಗೆದು, ನೀರಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿ, ಪಟ್ಟಿ ಸೀಳಿ, ಚಾಪೆಯಂತೆ ಹೆಣೆದರೆ ಒಂದು ಹಾಯಿಯಾಗಲು ನಲವತ್ತು ದಿನ ಬೇಕು. ಸುರಗಿಗೆ ತಂದೆ ತಾಯಿ ಇರಲಿಲ್ಲ. ಅಕ್ಕ ಇರುವಂತಿ, ಭಾವ ಮುದ್ದಯ್ಯ ಇಬ್ಬರೇ ಅವಳ ಬಳಗ. ಇರುವಂತಿ ತುಂಬಿದ ಬಸುರಿ. ಹುಟ್ಟುವ ಕೂಸಿನ ಹೆಸರಲ್ಲಿ ಮುದ್ದಯ್ಯ ಹೊಸ ದೋಣಿ ಕಟ್ಟುತ್ತಿದ್ದ. ಆ ದೋಣಿಗೆಂದೇ ಸುರಗಿ ಹಾಯಿ ಹೆಣೆಯುತ್ತಿದ್ದಳು.

ಹವಳದಿಬ್ಬದಿಂದ ಇನ್ನೂ ದೂರ, ಸೂರ್ಯ ನೆತ್ತಿಯ ಮೇಲೇ ನಿಲ್ಲುವ ಕಡೆ, ಬೆಚ್ಚಗಡಲು ಎಂಬ ಜಾಗವಿದೆ. ಅಲ್ಲಿನ ನೀರು ಕೂಸಿಗೆ ಎರೆಯುವ ನೀರಿನಂತೆ ಹದವಾಗಿ ಬೆಚ್ಚಗಿರುತ್ತದೆ. ಆ ನೀರಿನಿಂದ ಆವಿ ಏಳುತ್ತದೆ. ಆವಿ ಮೋಡವಾಗುತ್ತದೆ. ಮೋಡದೊಳಗೆ ಗಾಳಿಯ ಮರಿ ಹುಟ್ಟುತ್ತದೆ. ಹುಟ್ಟಿದ ಮರಿ ತನ್ನ ಬಾಲ ತಾನೇ ಹಿಡಿಯಲು ಹೋಗಿ ಗಿರಗಿರನೆ ಸುತ್ತುತ್ತದೆ. ಒಂದು ದಿನ ಆಡುತ್ತದೆ, ಎರಡು ದಿನ ಆಡುತ್ತದೆ, ಮೂರನೆಯ ದಿನ ಒಂದಿಷ್ಟು ಮಳೆ ಸುರಿಸಿ ನಿದ್ದೆಹೋಗುತ್ತದೆ. ನಿದ್ದೆಹೋದ ಗಾಳಿ ಮತ್ತೆ ಏಳುವುದಿಲ್ಲ, ಕಡಲಿನಲ್ಲಿ ಕಡಲಾಗಿ ಕರಗಿಹೋಗುತ್ತದೆ. ಅದೇ ಅವುಗಳ ಬಾಳು.

ಈ ಗುಟ್ಟು ಬಲ್ಲವನು ಕಾಳಧೂಮ. ಅವನು ಮೊದಲು ರಾಣಿಯ ಆಸ್ಥಾನದಲ್ಲಿ ಗಾಳಿ ನೋಡಿ ಹೇಳುವವನಾಗಿದ್ದ. ಯಾವ ದಿನ ದೋಣಿ ಇಳಿಸಬೇಕು, ಯಾವ ದಿನ ಇಳಿಸಬಾರದು ಎಂದು ಹೇಳಿ ಹೇಳಿ, ಕೊನೆಗೆ ಅವನ ತಲೆ ತಿರುಗಿತು. "ಗಾಳಿ ನನ್ನ ಮಾತು ಕೇಳುತ್ತದೆ. ಜನವೂ ಕೇಳಲಿ. ಸಿಂಹಾಸನ ನನಗೆ ಕೊಡು" ಎಂದ. ರಾಣಿ ಕೊಡಲಿಲ್ಲ. ಅವನು ಹಲ್ಲು ಕಡಿಯುತ್ತಾ ಬೆಚ್ಚಗಡಲಿಗೆ ಹೊರಟುಹೋದ. ಅಲ್ಲಿ ಆಗ ತಾನೇ ಹುಟ್ಟಿದ ಒಂದು ಗಾಳಿಮರಿಯನ್ನು ಮಾಯದ ಬಲೆ ಬೀಸಿ ಹಿಡಿದ. ಅದರ ನಿದ್ದೆಯನ್ನು ಸೆಳೆದು ಒಂದು ಕರಿ ಶಂಖದೊಳಗೆ ತುಂಬಿ, ಬಾಯಿಗೆ ಅರಗು ಮೆತ್ತಿ, ಕೊರಳಿಗೆ ಕಟ್ಟಿಕೊಂಡ.

ನಿದ್ದೆಯಿಲ್ಲದ ಮರಿ ಮೂರನೆಯ ದಿನವೂ ಮಲಗಲಿಲ್ಲ, ಆರನೆಯ ದಿನವೂ ಮಲಗಲಿಲ್ಲ. ಸುತ್ತಿತು, ಸುತ್ತಿತು, ಬೆಚ್ಚಗಡಲಿನ ಕಾವು ಕುಡಿದು ಕುಡಿದು ಬೆಟ್ಟದಷ್ಟು ಬೆಳೆಯಿತು, ಆಮೇಲೆ ನೂರು ಬೆಟ್ಟದಷ್ಟು ಬೆಳೆಯಿತು. ಅದರ ನಟ್ಟನಡುವೆ ಒಂದು ಕಣ್ಣು ತೆರೆಯಿತು. ಮುಚ್ಚಲಾಗದ ಕಣ್ಣು.

"ನನ್ನ ನಿದ್ದೆ ಎಲ್ಲಿ?" ಎಂದು ಅದು ಅತ್ತಿತು.

"ಹವಳದಿಬ್ಬದವರು ಕದ್ದಿದ್ದಾರೆ. ಮನೆಯೊಳಗೆ ಬಚ್ಚಿಟ್ಟಿದ್ದಾರೆ. ಹೋಗಿ ಹುಡುಕು" ಎಂದ ಕಾಳಧೂಮ.

ಹವಳದಿಬ್ಬದಲ್ಲಿ ಮೊದಲು ಅಲೆಗಳ ನಡೆ ಬದಲಾಯಿತು. ಗಾಳಿಯೇ ಇಲ್ಲದಿದ್ದರೂ ಉದ್ದುದ್ದ ಅಲೆಗಳು ದೂರದಿಂದ ಬಂದು ದಡಕ್ಕೆ ಅಪ್ಪಳಿಸತೊಡಗಿದವು. ಕಡಲಹಕ್ಕಿಗಳು ನೆಲದ ಕಡೆ ಹಾರಿಹೋದವು. ಆಕಾಶ ತಾಮ್ರದ ತಪ್ಪಲೆಯ ಬಣ್ಣಕ್ಕೆ ತಿರುಗಿತು. ರಾಣಿ ಡಂಗುರ ಹೊಡೆಸಿದಳು: "ಎಲ್ಲರೂ ಗುಡ್ಡ ಹತ್ತಿ! ಗವಿಗಳಿಗೆ ಹೋಗಿ!"

ಮುದ್ದಯ್ಯ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿದ. "ಸುರಗೀ, ಬಾರೇ!" ಎಂದು ಇರುವಂತಿ ಕೂಗಿದಳು. "ಹಾಯಿ ಸುತ್ತಿಕೊಂಡು ಬಂದೆ ಅಕ್ಕಾ, ನೀವು ನಡೀರಿ" ಎಂದಳು ಸುರಗಿ. ನಲವತ್ತು ದಿನದ ದುಡಿಮೆ ಬಿಟ್ಟುಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಬಿರುಗಾಳಿ ಬಂದೇಬಿಟ್ಟಿತು. ಮುಂದಿಟ್ಟ ಹೆಜ್ಜೆ ಹಿಂದಕ್ಕೆ ಬೀಳುತ್ತಿತ್ತು. ಸುರಗಿ ಗುಡ್ಡದ ಅರ್ಧದಲ್ಲೇ ಒಂದು ಹೊನ್ನೆಮರಕ್ಕೆ ಹಾಯಿಯ ಹಗ್ಗದಿಂದ ತನ್ನನ್ನು ತಾನೇ ಬಿಗಿದುಕೊಂಡಳು.

ಅಲ್ಲಿಂದ ಅವಳು ಎಲ್ಲವನ್ನೂ ನೋಡಿದಳು. ಬಿರುಗಾಳಿ ಒಂದು ಮನೆಯ ಸೂರು ಎತ್ತಿತು, ಒಳಗೆ ಇಣುಕಿತು, ಸೂರನ್ನು ಬಿಸಾಡಿತು. ಇನ್ನೊಂದು ಮನೆಯ ಸೂರು ಎತ್ತಿತು, ಇಣುಕಿತು, ಬಿಸಾಡಿತು. ಎಲ್ಲ ಮನೆಗಳ ಸೂರೂ ಹಾಗೆಯೇ ಹೋದವು. ತೆಂಗಿನ ಮರಗಳು ಬಾಚಿದ ಕೂದಲಿನಂತೆ ಒಂದೇ ಕಡೆಗೆ ಮಲಗಿದವು. ಕಡಲು ಎದ್ದು ಬೀದಿಯೊಳಗೆ ನಡೆದುಬಂತು. ಆ ಅಬ್ಬರದ ನಡುವೆ ಸುರಗಿಗೆ ಒಂದು ದನಿ ಕೇಳಿಸಿತು. "ಎಲ್ಲಿ? ಎಲ್ಲಿಟ್ಟಿದ್ದೀರಿ?" ಎಂದು ಅದು ಕೇಳುತ್ತಿತ್ತು.

ಆಮೇಲೆ ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಬಿಸಿಲು ಬಂತು. ಸುರಗಿ ತಲೆಯೆತ್ತಿದಳು. ಸುತ್ತಲೂ ಮೋಡದ ಗೋಡೆ, ಮೇಲೆ ದುಂಡಗಿನ ನೀಲಿ ಕಣ್ಣು. ನಿದ್ದೆಗೆಟ್ಟ ಕೂಸಿನ ಕಣ್ಣಿನಂತೆ ಅದರ ಅಂಚು ಕೆಂಪಾಗಿತ್ತು.

"ಅಕ್ಕಾ," ಎಂದಿತು ಬಿರುಗಾಳಿ, "ನನ್ನ ನಿದ್ದೆ ನೋಡಿದೆಯಾ?"

ಸುರಗಿಯ ಬಾಯಿಂದ ಮಾತೇ ಹೊರಡಲಿಲ್ಲ.

ಅಷ್ಟರಲ್ಲಿ ಮುದ್ದಯ್ಯ ಅವಳನ್ನು ಹುಡುಕುತ್ತಾ ಓಡೋಡಿ ಇಳಿದು ಬಂದ. ಹಗ್ಗ ಬಿಚ್ಚಿದ. "ಹಾಯಿಗೋಸ್ಕರ ಜೀವ ಬಿಡ್ತೀಯೇನೇ? ನಡಿ ಮೇಲಕ್ಕೆ!" ಎಂದು ಗದರಿದ. ಕೆಳಗೆ ಯಾರೋ ಮುದುಕಿ ನೀರಿನ ನಡುವೆ ಮನೆಯ ತೊಲೆ ತಬ್ಬಿಕೊಂಡು ಕೂಗುತ್ತಿದ್ದಳು. "ನೀನು ನಡಿ. ಅವಳನ್ನ ಕರ್ಕೊಂಡು ಬಂದೆ" ಎಂದು ಮುದ್ದಯ್ಯ ನೀರಿಗಿಳಿದ. ಮುದುಕಿಯನ್ನು ತಂದು ಗುಡ್ಡದ ಮೆಟ್ಟಿಲ ಮೇಲೆ ಕೂರಿಸಿದ. ಮತ್ತೊಬ್ಬರನ್ನು ಕರೆತರಲೆಂದು ತಿರುಗಿದ. ಆಗ ಕಣ್ಣು ಮುಂದೆ ಸರಿಯಿತು. ಮೋಡದ ಗೋಡೆಯ ಇನ್ನೊಂದು ಮಗ್ಗುಲು ಬಂತು. ಗಾಳಿ ಈ ಸಲ ಎದುರು ದಿಕ್ಕಿನಿಂದ ಹೊಡೆಯಿತು. ಸುರಗಿ ಗವಿಯ ಬಾಯಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ ಒಂದು ಅಲೆ ಮುದ್ದಯ್ಯನನ್ನು ಎತ್ತಿಕೊಂಡು ಹೋಯಿತು.

ಬಿರುಗಾಳಿ ಹೋದ ಮೇಲೆ ಜನ ಇಳಿದುಬಂದರು. ಊರಿನಲ್ಲಿ ಊರೇ ಇರಲಿಲ್ಲ. ಯಾರ ಅಂಗಳ ಯಾವುದು ಎಂದು ಗುರುತು ಸಿಗಲಿಲ್ಲ. ಕೆಸುವಿನ ಗದ್ದೆಗೆ ಉಪ್ಪುನೀರು ನುಗ್ಗಿತ್ತು. ಬಾವಿಗಳೂ ಉಪ್ಪಾಗಿದ್ದವು. ಮೂವತ್ತೆರಡು ಜನ ಕಾಣೆಯಾಗಿದ್ದರು. ಒಬ್ಬ ತಾಯಿ ಮಗನ ಚಪ್ಪಲಿ ಹಿಡಿದುಕೊಂಡು ದಡದ ಉದ್ದಕ್ಕೂ ನಡೆಯುತ್ತಿದ್ದಳು. ಸಿಕ್ಕಿದ್ದನ್ನೆಲ್ಲ ಒಂದೇ ಹಂಡೆಗೆ ಹಾಕಿ ಬೇಯಿಸಿ ಎಲ್ಲರೂ ಹಂಚಿಕೊಂಡರು. ರಾಣಿಯೂ ಅದೇ ಹಂಡೆಯ ಗಂಜಿ ಕುಡಿದಳು.

ಇರುವಂತಿ ಅಳಲಿಲ್ಲ. ಗವಿಯ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು. ಸುರಗಿ ಅವಳ ಕಾಲ ಬಳಿ ಕುಸಿದಳು.

"ಭಾವ ನನ್ನನ್ನ ಹುಡುಕ್ಕೊಂಡು ಇಳಿದ್ರು ಅಕ್ಕಾ. ಹಾಳು ಹಾಯಿಗೋಸ್ಕರ ನಾನು ನಿಂತೆ."

ಇರುವಂತಿ ತಂಗಿಯ ತಲೆ ಸವರಿದಳು. "ನೀನು ಅಲ್ಲಿ ಇಲ್ಲದೆ ಇದ್ದಿದ್ರೂ ಅವರು ಇಳೀತಿದ್ರು. ಆ ಮುದುಕಿ ಕೂಗಿದ್ದು ನನಗೂ ಕೇಳಿಸಿತ್ತು. ಅವರು ಇರೋದೇ ಹಾಗೆ."

ಆಗ ಕಡಲ ಮೇಲೆ ಕರಿಹೊಗೆ ಎದ್ದು, ಹೊಗೆಯಲ್ಲಿ ಕಾಳಧೂಮನ ಮುಖ ಮೂಡಿತು. "ಮುಕ್ತಾಂಬೆ! ನೋಡಿದೆಯಾ ನನ್ನ ಬಿರುಗಾಳಿಯನ್ನ? ಈಗ ಅದು ಬೆಚ್ಚಗಡಲಿನಲ್ಲಿ ಮತ್ತೆ ಕಾವು ಕುಡಿಯುತ್ತಿದೆ. ಮೂರು ದಿನ ಗಡುವು. ಕಿರೀಟ ಕೊಡದಿದ್ದರೆ ಗುಡ್ಡವನ್ನೂ ಬಿಡುವುದಿಲ್ಲ" ಎಂದು ಹೇಳಿ ಮರೆಯಾದ.

ರಾಣಿ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇದನ್ನ ಕೊಟ್ಟರೆ ನೀವೆಲ್ಲ ಉಳಿಯುತ್ತೀರಿ ಅಂತ ನಂಬಿಕೆ ಇದ್ದಿದ್ದರೆ ಈಗಲೇ ಕೊಡುತ್ತಿದ್ದೆ. ಆದರೆ ಕಿರೀಟಕ್ಕೋಸ್ಕರ ಇಷ್ಟು ಮಾಡಿದವನು, ಕಿರೀಟ ಸಿಕ್ಕಮೇಲೆ ಏನು ಮಾಡಿಯಾನು?"

ಸುರಗಿ ಎದ್ದು ನಿಂತಳು. "ತಾಯೀ, ಆ ಬಿರುಗಾಳಿಗೆ ನಮ್ಮ ಮೇಲೆ ಹಗೆ ಇಲ್ಲ. ಅದು ಏನನ್ನೋ ಹುಡುಕುತ್ತಿದೆ. ನನ್ನನ್ನ ಅಕ್ಕಾ ಅಂತ ಕರೆದು ಕೇಳಿತು. ನಾನು ಉತ್ತರ ಕೊಡಲಿಲ್ಲ. ಹೋಗಿ ಅದರ ಹತ್ತಿರ ಮಾತಾಡಿ ಬರ್ತೀನಿ."

"ಬಿರುಗಾಳಿಯ ಹತ್ತಿರ ಮಾತಾಡಿ ಬಂದವರು ಯಾರಿದ್ದಾರೆ ಮಗಳೇ?"

"ಮಾತಾಡೋಕೆ ಹೋದವರೂ ಯಾರೂ ಇಲ್ಲ ತಾಯೀ."

ಒಡೆದ ದೋಣಿಗಳಲ್ಲಿ ಒಂದು ಸಣ್ಣ ದೋಣಿ ಉಳಿದಿತ್ತು. ಅದರ ಪಕ್ಕಕ್ಕೆ ತೇಲುವ ಮರದ ದಿಮ್ಮಿ ಕಟ್ಟಿದ್ದರಿಂದ ಅದು ಸುಲಭಕ್ಕೆ ಮಗುಚುವಂಥದ್ದಲ್ಲ. ಜನವೆಲ್ಲ ಸೇರಿ ಅದರ ಬಿರುಕಿಗೆ ತೆಂಗಿನ ನಾರು ತುಂಬಿದರು. ಸುರಗಿ ತನ್ನ ಹೊಸ ಹಾಯಿ ಏರಿಸಿದಳು. ಇರುವಂತಿ ಬುತ್ತಿ ಕಟ್ಟಿಕೊಟ್ಟು, "ಹುಷಾರು ಕಣೇ. ನನಗೆ ಇನ್ನು ಉಳಿದಿರೋದು ನೀನೊಬ್ಬಳೇ" ಎಂದಳು. ಬೆಳಕು ಹರಿಯುತ್ತಿದ್ದಂತೆ ಸುರಗಿ ಹೊರಟಳು.

ಒಂದು ದಿನ ಹೋದಳು, ಎರಡು ದಿನ ಹೋದಳು. ಬಿರುಗಾಳಿಯ ಹೊರ ಅಂಚಿನಲ್ಲಿ ಅವಳಿಗೆ ಮಳೆಹಾವು ಎದುರಾಯಿತು. ಮೋಡದಿಂದ ಕಡಲಿನವರೆಗೆ ಇಳಿಬಿದ್ದ ಬೂದುಬಣ್ಣದ ಹಾವು. ಕಾಳಧೂಮ ಕಾವಲಿಗೆ ಇಟ್ಟದ್ದು.

"ಹಿಂದಕ್ಕೆ ಹೋಗು. ಹೋಗದಿದ್ದರೆ ನಿನ್ನ ದೋಣಿಗೆ ನೀರು ತುಂಬುತ್ತೇನೆ" ಎಂದಿತು ಹಾವು.

"ತುಂಬು" ಎಂದಳು ಸುರಗಿ.

ಹಾವು ಬಾಯಿ ತೆರೆದು ಕೊಡ ಕೊಡಗಟ್ಟಲೆ ಸುರಿಯಿತು. ಸುರಗಿ ಎರಡು ಕೈ ಒಡ್ಡಿ ಗಟಗಟನೆ ಕುಡಿದಳು. ಮುಖಕ್ಕೆ ಎರಚಿಕೊಂಡಳು. ಸೋರೆಬುರುಡೆಗಳಿಗೆ ತುಂಬಿಕೊಂಡಳು. "ನಿನ್ನ ಹೊಟ್ಟೆ ತಣ್ಣಗಿರಲಿ. ನಮ್ಮ ಬಾವಿಗಳೆಲ್ಲ ಉಪ್ಪಾಗಿವೆ. ಸಿಹಿನೀರು ಕುಡಿದು ಎಷ್ಟು ದಿನವಾಯಿತೋ" ಎಂದಳು. ತುಂಬಿದ ನೀರು ದೋಣಿಯ ಅಂಚು ದಾಟಿ ಹರಿದುಹೋಯಿತು. ದಿಮ್ಮಿಯ ಬಲದಿಂದ ದೋಣಿ ಮುಳುಗಲಿಲ್ಲ.

ಹಾವು ಸುರಿಯುವುದನ್ನು ನಿಲ್ಲಿಸಿತು. "ಈವರೆಗೆ ಯಾರೂ ನನಗೆ ಒಳ್ಳೆಯ ಮಾತು ಹೇಳಿರಲಿಲ್ಲ" ಎಂದು ನಾಚಿಕೊಂಡು ಪಕ್ಕಕ್ಕೆ ಸರಿಯಿತು. "ಹೋಗು ತಾಯಿ. ಆದರೆ ಮುಂದೆ ಗೂಳಿಗಳಿವೆ. ಅವುಗಳಿಗೆ ಎದುರು ನಿಂತವರು ಯಾರೂ ಉಳಿದಿಲ್ಲ."

ಗಾಳಿಗೂಳಿಗಳು ಬಂದೇಬಿಟ್ಟವು. ಒಂದಲ್ಲ, ನೂರಲ್ಲ, ಲೆಕ್ಕವಿಲ್ಲದಷ್ಟು. ಬಿರುಗಾಳಿಯ ಕಣ್ಣಿನ ಸುತ್ತ ಗೋಡೆಯಂತೆ ಒತ್ತೊತ್ತಾಗಿ ಓಡುತ್ತಿದ್ದವು. ಮೊದಲ ಗೂಳಿ ಕೊಂಬು ತಗ್ಗಿಸಿ ಬಂದು ಹಾಯಿಗೆ ಗುದ್ದಿತು. ದೋಣಿ ಹುಚ್ಚೆದ್ದು ಕುಣಿಯಿತು. ಎರಡನೆಯದು ಗುದ್ದಿತು. ಹಾಯಿಮರ ಲಟಲಟನೆ ಸದ್ದು ಮಾಡಿತು. ಇನ್ನೊಂದು ಗುದ್ದು ಬಿದ್ದರೆ ಮುರಿಯುವುದು ಖಂಡಿತ. ಸುರಗಿ ಹಾಯಿಯನ್ನು ನೋಡಿದಳು. ಅದರ ಒಂದೊಂದು ಪಟ್ಟಿಯೂ ಅವಳ ಬೆರಳಿಗೆ ಗೊತ್ತಿತ್ತು. ಸೊಂಟದ ಚೂರಿ ತೆಗೆದು, ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ ಕೊಯ್ಯುತ್ತಾ ಹೋದಳು. ಕೊಯ್ಯುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಮೂರನೆಯ ಗೂಳಿ ಬಂತು. ಹಾಯಿ ಈಗ ಜಾಲರಿಯಾಗಿತ್ತು. ಕೊಂಬಿಗೆ ಏನೂ ಸಿಗದೆ ಗೂಳಿ ಅದರ ಮೂಲಕ ಹಾದುಹೋಯಿತು.

ಆಗ ಸುರಗಿ ಒಂದು ಸಂಗತಿ ಗಮನಿಸಿದಳು. ಗೂಳಿಗಳೆಲ್ಲ ಎಡಕ್ಕೇ ಸುತ್ತುತ್ತಿದ್ದವು. ಅವಳು ಎದುರು ಹೋಗುವುದನ್ನು ಬಿಟ್ಟಳು. ಚುಕ್ಕಾಣಿ ತಿರುಗಿಸಿ ಅವುಗಳ ಜೊತೆಗೇ ಓಡಿದಳು. ಒಂದು ಸುತ್ತು ಓಡಿ ಒಂದು ಮೊಳ ಒಳಗೆ ಸರಿದಳು. ಇನ್ನೊಂದು ಸುತ್ತು ಓಡಿ ಇನ್ನೊಂದು ಮೊಳ ಸರಿದಳು. ಅಂಗೈಯ ಚರ್ಮ ಕಿತ್ತು ಹಗ್ಗಕ್ಕೆ ರಕ್ತ ಹತ್ತಿತು. ಎಷ್ಟು ಸುತ್ತು ಸುತ್ತಿದಳೋ ಅವಳಿಗೇ ತಿಳಿಯದು. ಕೊನೆಗೆ ದೋಣಿ ಒಮ್ಮೆ ನಡುಗಿ, ಗಾಳಿಯಿಲ್ಲದ ನೀರಿಗೆ ಜಾರಿಬಂತು.

ಅದು ಬಿರುಗಾಳಿಯ ಕಣ್ಣು. ಮೇಲೆ ಬಿಸಿಲು, ಕೆಳಗೆ ದಿಕ್ಕುಗೆಟ್ಟ ಅಲೆಗಳು, ನಡುವೆ ಸಾವಿರಾರು ಹಕ್ಕಿಗಳು. ಗೋಡೆ ದಾಟಿ ಹೋಗಲಾರದೆ ಸುತ್ತಿ ಸುತ್ತಿ ಬಳಲಿದ ಹಕ್ಕಿಗಳು. ತೇಲುವ ತೊಲೆಗಳ ರಾಶಿಯ ಮೇಲೆ ಒಬ್ಬ ಮನುಷ್ಯ ಬಿದ್ದಿದ್ದ.

"ಭಾವಾ!" ಎಂದು ಸುರಗಿ ಚೀರಿದಳು.

ಮುದ್ದಯ್ಯ ಕಣ್ಣು ತೆರೆದ. ಅವನ ತುಟಿ ಒಡೆದಿತ್ತು. ಸುರಗಿ ದೋಣಿ ತಂದು ಅವನ ಬಾಯಿಗೆ ಬುರುಡೆಯ ನೀರು ಹಿಡಿದಳು. ಅವನು ಕುಡಿದು, ಕಷ್ಟಪಟ್ಟು ಮಾತಾಡಿದ. "ಗಾಳಿಯೇ ನನ್ನನ್ನ ಇಲ್ಲಿ ತಂದು ಇಟ್ಟಿತು. ಅಲೆ ಬಂದಾಗಲೆಲ್ಲ ಅಡ್ಡ ನಿಂತಿತು. ಇರುವಂತಿ...?"

"ಚೆನ್ನಾಗಿದ್ದಾಳೆ. ಕಾಯ್ತಿದ್ದಾಳೆ."

ಆ ತೊಲೆಗಳ ರಾಶಿಗೆ ತಾಗಿಕೊಂಡೇ, ನೀರಿನ ನಟ್ಟನಡುವೆ, ತಿಮಿಂಗಿಲದ ಎಲುಬಿನ ಗದ್ದುಗೆಯ ಮೇಲೆ ಕಾಳಧೂಮ ಕೂತಿದ್ದ. ಸುರಗಿಯನ್ನು ಕಂಡು ಅವನಿಗೆ ಅಚ್ಚರಿಯಾಯಿತು. ಆದರೆ ತೋರಗೊಡಲಿಲ್ಲ. "ಗಟ್ಟಿಗಿತ್ತಿ ನೀನು. ನಿನ್ನ ಭಾವನನ್ನ ಕರಕೊಂಡು ಹೋಗು. ನಿಮ್ಮ ಮನೆಯೊಂದನ್ನ ಉಳಿಸುತ್ತೇನೆ. ಮಿಕ್ಕವರ ಸುದ್ದಿ ನಿನಗೆ ಬೇಡ" ಎಂದ ಮೆಲ್ಲಗೆ.

ಸುರಗಿ ಮುದ್ದಯ್ಯನ ಮುಖ ನೋಡಿದಳು. ಗವಿಯ ಗೋಡೆಗೆ ಒರಗಿ ಕೂತ ಅಕ್ಕ ಕಣ್ಣಮುಂದೆ ಬಂದಳು. ಹ್ಞೂಂ ಅಂದರೆ ಸಾಕು, ಭಾವ ಮನೆಗೆ ಬರುತ್ತಾನೆ. ಆಮೇಲೆ ಚಪ್ಪಲಿ ಹಿಡಿದು ದಡದಲ್ಲಿ ನಡೆಯುತ್ತಿದ್ದ ಆ ತಾಯಿಯೂ ಕಣ್ಣಮುಂದೆ ಬಂದಳು. ಸುರಗಿ ಕಾಳಧೂಮನಿಗೆ ಬೆನ್ನು ಹಾಕಿದಳು. ತಲೆಯೆತ್ತಿ ಕೂಗಿದಳು:

"ಮಗೂ! ಅವತ್ತು ನೀನು ಕೇಳಿದೆ, ನಾನು ಹೇಳಲಿಲ್ಲ. ಈಗ ಹೇಳ್ತೀನಿ. ನಿನ್ನ ನಿದ್ದೆ ನಮ್ಮ ಹತ್ತಿರ ಇಲ್ಲ."

"ಸುಳ್ಳು! ಅವರೇ ಕದ್ದಿದ್ದಾರೆ!" ಎಂದ ಕಾಳಧೂಮ.

ಬಿರುಗಾಳಿ ಗೊಂದಲಕ್ಕೆ ಬಿದ್ದಿತು. ಗೂಳಿಗಳು ಕೆರಳಿದವು. "ಯಾರನ್ನ ನಂಬಲಿ? ನನಗೆ ತಲೆ ಸಿಡಿಯುತ್ತಿದೆ. ಎಷ್ಟೋ ದಿನದಿಂದ ಕಣ್ಣು ಉರಿಯುತ್ತಿದೆ" ಎಂದು ಅದು ಗೋಳಾಡಿತು.

ಸುರಗಿ ಸುತ್ತ ನೋಡಿದಳು. ಹಕ್ಕಿಗಳು ಎಲ್ಲೂ ಕೂರದೆ ಹಾರುತ್ತಲೇ ಇದ್ದವು. ಆದರೆ ಕಾಳಧೂಮನ ಗದ್ದುಗೆಯ ಕೆಳಗೆ ಹತ್ತಿಪ್ಪತ್ತು ಹಕ್ಕಿಗಳು ರೆಕ್ಕೆಯೊಳಗೆ ತಲೆಯಿಟ್ಟು ಮಲಗಿದ್ದವು. ಅವಳು ನೋಡುತ್ತಿದ್ದಂತೆಯೇ ಒಂದು ಬೆಳ್ಳಕ್ಕಿ ಅವನ ಎದೆಯ ಬಳಿ ಹಾದುಹೋಯಿತು. ಹಾದದ್ದೇ ತಡ ತೂಕಡಿಕೆ ಬಂದು, ತಿರುಗುತ್ತಾ ಬಂದು ಅವನ ಹೆಗಲ ಮೇಲೆ ಬಿದ್ದು ಮಲಗಿಬಿಟ್ಟಿತು. ಅವನ ಕೊರಳಲ್ಲಿ ಕರಿ ಶಂಖವಿತ್ತು.

"ನನ್ನನ್ನೂ ನಂಬಬೇಡ, ಅವನನ್ನೂ ನಂಬಬೇಡ" ಎಂದಳು ಸುರಗಿ. "ಹಕ್ಕಿಗಳನ್ನ ನೋಡು ಮಗೂ. ನಿನ್ನೊಳಗೆ ಯಾವ ಹಕ್ಕಿಗೂ ನಿದ್ದೆಯಿಲ್ಲ. ಅವನ ಶಂಖದ ಹತ್ತಿರ ಹೋದ ಹಕ್ಕಿ ಮಾತ್ರ ಯಾಕೆ ಮಲಗುತ್ತದೆ?"

ಅಂಚು ಕೆಂಪಾದ ಆ ದೊಡ್ಡ ಕಣ್ಣು ಮೆಲ್ಲಗೆ ಕೆಳಗೆ ಬಾಗಿತು. ಶಂಖವನ್ನು ನೋಡಿತು. ಎಷ್ಟೋ ಹೊತ್ತು ನೋಡಿತು.

ಕಾಳಧೂಮ ಎದ್ದು ಹೊಗೆಯಾಗಿ ಹಾರಿಹೋಗಲು ನೋಡಿದ. ಅವನು ಮಂತ್ರ ಮುಗಿಸುವ ಮೊದಲೇ ಮುದ್ದಯ್ಯ ತೊಲೆಯ ಮೇಲಿಂದ ನೆಗೆದು ಅವನ ಕಾಲು ಹಿಡಿದ. ಸುರಗಿ ಹಾಯಿಯ ಹಗ್ಗ ಕುಣಿಕೆ ಮಾಡಿ ಎಸೆದಳು. ಕುಣಿಕೆ ಶಂಖಕ್ಕೆ ಬಿತ್ತು. ಜಗ್ಗಿದಳು. ದಾರ ಹರಿಯಿತು. ಶಂಖ ಅವಳ ಮಡಿಲಿಗೆ ಬಂತು. ಮುಟ್ಟಿದ ಕೂಡಲೇ ಅವಳ ರೆಪ್ಪೆಗಳು ಭಾರವಾದವು, ಮೂರು ದಿನದ ಆಯಾಸ ಒಮ್ಮೆಗೇ ಮೇಲೆ ಬಿತ್ತು. "ಅಕ್ಕ ಕಾಯ್ತಿದ್ದಾಳೆ, ಅಕ್ಕ ಕಾಯ್ತಿದ್ದಾಳೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ, ಚೂರಿ ತೆಗೆದು ಅರಗು ಕೆತ್ತಿದಳು.

ಶಂಖದಿಂದ ನಿದ್ದೆ ಹೊರಬಂತು. ತಿಳಿನೀಲಿ ಮಂಜಿನಂತೆ ನೀರ ಮೇಲೆ ಹರಡಿತು. ಅದರ ಮೊದಲ ಅಲೆ ಕಾಳಧೂಮನಿಗೆ ತಗುಲಿತು. ಅವನು ಬಾಯಲ್ಲಿ ಅರ್ಧ ಮಂತ್ರ ಇಟ್ಟುಕೊಂಡೇ ಗೊರಕೆ ಹೊಡೆದ. ಆ ಗೊರಕೆಯಲ್ಲಿ ಅವನು ಕಲಿತಿದ್ದ ಮಂತ್ರಗಳೆಲ್ಲ ಒಂದೊಂದಾಗಿ ಹೊರಹೋದವು. ಮಂಜು ಮೇಲಕ್ಕೇರಿತು. ಗೂಳಿಗಳ ಓಟ ನಡಿಗೆಯಾಯಿತು. ಬಿರುಗಾಳಿ ದೊಡ್ಡದಾಗಿ ಆಕಳಿಸಿತು.

"ಅಕ್ಕಾ," ಎಂದಿತು ಅದು, "ನಾನು ಎಷ್ಟೊಂದು ಮನೆ ಕಿತ್ತೆ. ಜನವನ್ನೂ ಕೊಂದೆನಲ್ಲಾ? ಒಬ್ಬರನ್ನಾದರೂ ಉಳಿಸೋಣ ಅಂತ ಹಿಡಿದುಕೊಂಡೆ. ಉಳಿದವರು ಕೈಗೆ ಸಿಗಲಿಲ್ಲ."

ಸುರಗಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಹೌದು ಮಗೂ. ಮೂವತ್ತೊಂದು ಜನ. ಅವರ ಮನೆಯವರು ಇನ್ನೂ ಬಹಳ ದಿನ ಅಳುತ್ತಾರೆ. ನಿನಗೆ ತಿಳಿಯದೆ ಆಯಿತು ಅಂತ ನಾನು ಅವರಿಗೆ ಹೇಳುತ್ತೇನೆ."

"ಮಲಗಿದರೆ ನೋವಾಗುತ್ತದಾ?"

"ಇಲ್ಲ. ನಾನು ಇಲ್ಲೇ ಇರುತ್ತೇನೆ. ಮಲಗು."

ಬಿರುಗಾಳಿ ಬಡಗಣ ದಿಕ್ಕಿನ ತಣ್ಣನೆಯ ಕಡಲಿನ ಕಡೆ ಮೆಲ್ಲಗೆ ತೆವಳಿತು. ಮುದ್ದಯ್ಯ ಗೊರಕೆ ಹೊಡೆಯುತ್ತಿದ್ದ ಕಾಳಧೂಮನನ್ನು ದೋಣಿಯೊಳಗೆ ಎಳೆದುಹಾಕಿ ತಾನೂ ಹತ್ತಿದ, ಸುರಗಿಯ ದೋಣಿ ಬಿರುಗಾಳಿಯ ಜೊತೆಗೇ ಹೋಯಿತು. ಹೋಗುತ್ತಾ ಹೋಗುತ್ತಾ ಗೋಡೆ ತೆಳುವಾಯಿತು, ಗೂಳಿಗಳು ಮೋಡದ ತುಣುಕುಗಳಾದವು, ಹಕ್ಕಿಗಳು ದಾರಿ ಸಿಕ್ಕಿ ಮನೆ ಕಡೆ ಹಾರಿದವು. ಬಿರುಗಾಳಿ ತನ್ನಲ್ಲಿದ್ದ ನೀರನ್ನೆಲ್ಲ ಸಣ್ಣ ಸೋನೆಯಾಗಿ ಸುರಿಸಿತು. ಕಣ್ಣು ಅರ್ಧ ಮುಚ್ಚಿತು, ಪೂರ್ತಿ ಮುಚ್ಚಿತು. ಆಮೇಲೆ ಅಲ್ಲಿ ಬರೀ ಕಡಲು ಇತ್ತು.

ಸುರಗಿ ಬಹಳ ಹೊತ್ತು ಆ ನೀರನ್ನೇ ನೋಡುತ್ತಾ ಕೂತಳು. ಮುದ್ದಯ್ಯ ಹುಟ್ಟು ಹಾಕತೊಡಗಿದ.

ಹವಳದಿಬ್ಬ ಮುಟ್ಟಿದಾಗ ನಡುಹಗಲು. ದೋಣಿಯಲ್ಲಿ ಇಬ್ಬರು ಕೂತಿರುವುದನ್ನು ಮೊದಲು ಕಂಡವರು ಗುಡ್ಡದ ಕಡೆ ಓಡಿದರು. ಇರುವಂತಿ ಗವಿಯ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಹಿಂದಿನ ದಿನ ಹುಟ್ಟಿದ ಹೆಣ್ಣುಕೂಸು ಇತ್ತು. ಗಂಡನನ್ನು ನೋಡಿದಾಗ, ಅಷ್ಟು ದಿನ ಅಳದಿದ್ದವಳು, ಕೂಸನ್ನು ಅವನ ತೋಳಿಗೆ ಕೊಟ್ಟು, ತಂಗಿಯ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಕಾಳಧೂಮನಿಗೆ ಎಚ್ಚರವಾದಾಗ ಅವನು ಬರೀ ಮನುಷ್ಯನಾಗಿದ್ದ. ಅವನನ್ನು ಕಡಲಿಗೆ ಎಸೆಯಿರಿ ಎಂದರು ಕೆಲವರು. ರಾಣಿ ಒಪ್ಪಲಿಲ್ಲ. "ಏಳು ನಡುಗಡ್ಡೆಗಳ ಬಾವಿಗಳೆಲ್ಲ ಉಪ್ಪಾಗಿವೆ. ಒಂದೊಂದು ಬಾವಿಯ ನೀರನ್ನೂ ಸಿಹಿಯಾಗುವವರೆಗೆ ಇವನೇ ಸೇದಿ ಚೆಲ್ಲಲಿ" ಎಂದಳು. ಅವನು ವರ್ಷಗಟ್ಟಲೆ ಸೇದಿದ. ಕೊನೆಯ ಬಾವಿ ಸಿಹಿಯಾದ ದಿನ, ಮಗನ ಚಪ್ಪಲಿ ಹಿಡಿದು ಅಲೆದಿದ್ದ ಆ ತಾಯಿ ಅಲ್ಲಿಗೆ ನೀರಿಗೆ ಬಂದಳು. ಅವನು ಅವಳ ಕೊಡ ತುಂಬಿ ತಲೆಯ ಮೇಲೆ ಎತ್ತಿಟ್ಟ. ಅವಳು ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತು, "ನಾಳೆಯೂ ಬರ್ತೀನಿ" ಎಂದಳು.

ಆಮೇಲೆ ಹವಳದಿಬ್ಬದಲ್ಲಿ ಮನೆಗಳೆದ್ದವು, ಮನೆಗಳ ಮೇಲೆ ಸೂರು ನಿಂತಿತು, ಗದ್ದೆಯಲ್ಲಿ ಕೆಸು ಚಿಗುರಿತು. ರಾಣಿ ಮೂವತ್ತೊಂದು ತೆಂಗಿನ ಸಸಿ ನೆಡಿಸಿದಳು. ಅವು ಕಾಯಿ ಬಿಡುವ ಹೊತ್ತಿಗೆ ಇರುವಂತಿಯ ಮಗಳು ಮರ ಹತ್ತುವಷ್ಟು ದೊಡ್ಡವಳಾದಳು. ಸುರಗಿ ಎಲ್ಲ ದೋಣಿಗಳಿಗೂ ಹೊಸ ಹಾಯಿ ಹೆಣೆದುಕೊಟ್ಟಳು. ಹವಳದಿಬ್ಬದ ಜನ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆಮಾಡಿ, ಬಹುಕಾಲ ಸುಖವಾಗಿ ಬಾಳಿದರು.